ನಮ್ಮ ಶಾಲೆಯ ಕಂಪ್ಯೂಟರಿಗೆ ನಾವು ಹಾಕಿದ ತಂತ್ರಾಂಶಗಳು



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಆರನೇ ತರಗತಿಯವರು ಅಮೃತಾಪುರದ ದೇವಸ್ಥಾನ ನೋಡಿ ಬಂದದ್ದನ್ನು ಬರೆದಿದ್ದರು. ಚಿತ್ರವೂ ಚೆನ್ನಾಗಿತ್ತು. ಈ ಸಲ ನಮ್ಮ ತರಗತಿಯ ಸರದಿ. ಕನ್ನಡ ಟೀಚರ್ ನನ್ನನ್ನು ಕರೆದು, "ನೀವೆಲ್ಲ ಶನಿವಾರ ಶನಿವಾರ ಐದನೇ ತರಗತಿ ಕಿಟಕಿ ಹತ್ರ ಏನ್ ಮಾಡ್ತೀರಿ ಅಂತ ಊರವರೆಲ್ಲ ಕೇಳ್ತಾರೆ. ಅದನ್ನೇ ಬರಿ" ಅಂದರು. ಆದ್ದರಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಎರಡು ಹಾಳೆ ಅಂಟಿಸಿದ್ದೇವೆ. ನಿಂತುಕೊಂಡು ಓದುವವರು ಬೇಸರ ಮಾಡಿಕೊಳ್ಳಬಾರದು.

ನಮ್ಮ ಶಾಲೆಯಲ್ಲಿರುವುದು ಒಂದೇ ಕಂಪ್ಯೂಟರು. ಯಾರೋ ದಾನಿಗಳು ಕೊಟ್ಟದ್ದು. ನಾನು ಒಂದನೇ ತರಗತಿಗೆ ಸೇರಿದಾಗಲೇ ಇತ್ತು. ಅದಕ್ಕೆ ಹಳೇ ಸೀರೆಯ ಹೊದಿಕೆ ಹೊದಿಸಿದ್ದರು. ಆಗಸ್ಟ್ 15ಕ್ಕೆ ಮತ್ತು ಜನವರಿ 26ಕ್ಕೆ ಧೂಳು ಒರೆಸುತ್ತಿದ್ದರು, ಅಷ್ಟೇ. ಅದರಲ್ಲಿ ವಿಂಡೋಸ್ 7 ಇತ್ತು. ಅದನ್ನು ಮಾಡಿದ ಮೈಕ್ರೋಸಾಫ್ಟ್ ಕಂಪನಿಯವರು 2020ರ ಜನವರಿ 14ಕ್ಕೆ ಅದಕ್ಕೆ ತೇಪೆ ಹಾಕುವುದನ್ನು ನಿಲ್ಲಿಸಿದರು. ಆಮೇಲೆ ಯಾರದೋ ಪೆನ್ ಡ್ರೈವಿನಿಂದ ವೈರಸ್ ಬಂತು. ಆನ್ ಮಾಡಿದರೆ ನೀಲಿ ಪರದೆ ಬಂದು ಸುಮ್ಮನೆ ನಿಲ್ಲುತ್ತಿತ್ತು. ಈ ವರ್ಷ ಶಾಲೆ ಶುರುವಾದಾಗ ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬ ಸದಸ್ಯರು, "ಜಾಗ ಯಾಕೆ ತಿನ್ಬೇಕು? ಗುಜರಿಗೆ ಹಾಕಿ ಎರಡು ಫ್ಯಾನ್ ತಗೊಳ್ಳಿ" ಅಂದರಂತೆ. ಫ್ಯಾನೂ ಬೇಕೇ ಬೇಕು, ಅದು ಸುಳ್ಳಲ್ಲ. ಆದರೆ ಒಂದು ಸಲ ಗುಜರಿಗೆ ಹೋದ ಮೇಲೆ ನಮ್ಮ ಶಾಲೆಗೆ ಇನ್ನೊಂದು ಕಂಪ್ಯೂಟರ್ ಬರುತ್ತೆ ಅಂತ ಯಾರು ಹೇಳೋಕಾಗುತ್ತೆ? ಹೆಡ್ ಮೇಷ್ಟ್ರು, "ದಸರಾ ರಜೆ ಕಳೀಲಿ, ನೋಡೋಣ" ಅಂತ ಮುಂದಕ್ಕೆ ಹಾಕಿದರು.

ನಮ್ಮ ದೊಡ್ಡಮ್ಮನ ಮಗ ಕಡೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಬಂದಾಗ ನಾನು ಅವನಿಗೆ ಈ ವಿಷಯ ಹೇಳಿದೆ. ಅವನು ಮೇಷ್ಟ್ರ ಅಪ್ಪಣೆ ತಗೊಂಡು ಡಬ್ಬಿ ಬಿಚ್ಚಿ ನೋಡಿ, "ಪುಟ್ಟೀ, ಇದು ಕೆಟ್ಟಿಲ್ಲ ಕಣೇ. 4 ಜಿಬಿ ರ‍್ಯಾಮ್ ಇದೆ. ಉಬುಂಟು ಹಾಕಿದ್ರೆ ಓಡುತ್ತೆ" ಅಂದ. ಒಳಗೆ ಹಲ್ಲಿ ಮೊಟ್ಟೆ ಎರಡಿದ್ದವು. ಅದನ್ನು ತೆಗೆದು, ಬ್ರಷ್‌ನಲ್ಲಿ ಧೂಳು ಹೊಡೆದು, ಪೆನ್ ಡ್ರೈವಿನಿಂದ ಉಬುಂಟು 24.04 ಹಾಕಿದ. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಈ 24.04 ಅಂದರೆ 2024ನೇ ಇಸವಿ 4ನೇ ತಿಂಗಳಲ್ಲಿ ಬಂದದ್ದು ಅಂತ ಅರ್ಥ. ಮೊದಲನೆಯದು 2004ರ ಅಕ್ಟೋಬರಿನಲ್ಲಿ ಬಂತು, ಅದಕ್ಕೆ 4.10 ಅಂತ ಹೆಸರು. ಉಬುಂಟು ಅನ್ನುವುದು ದಕ್ಷಿಣ ಆಫ್ರಿಕಾದ ಭಾಷೆಗಳ ಮಾತು. ಒಬ್ಬರಿಗೊಬ್ಬರು ಮನುಷ್ಯರಾಗಿರುವುದು ಅಂತ ಅರ್ಥವಂತೆ.

ಬಿಟ್ಟಿ ಯಾಕೆ ಕೊಡುತ್ತಾರೆ ಅಂತ ನಮ್ಮಪ್ಪ ಕೇಳಿದರು. ಬಿಟ್ಟಿ ಕೊಟ್ಟರೆ ಅದರಲ್ಲಿ ಏನೋ ಇರುತ್ತೆ ಅನ್ನುವುದು ಅಪ್ಪನ ವಾದ. ಅದಕ್ಕೆ ಅಣ್ಣ ಕೊಟ್ಟ ಉತ್ತರ ನನಗೆ ಹಿಡಿಸಿತು. ನಮ್ಮ ಕಡೆ ಈರುಳ್ಳಿ ಕೀಳುವಾಗ ಮುಯ್ಯಾಳು ಮಾಡುವುದಿಲ್ಲವೇ? ಇವತ್ತು ನಿಮ್ಮ ಹೊಲಕ್ಕೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಕೂಲಿ ಇಲ್ಲ. ಇದೂ ಹಾಗೇ. 1991ರಲ್ಲಿ ಫಿನ್ಲೆಂಡ್ ದೇಶದ ಲಿನಸ್ ಟೋರ್ವಾಲ್ಡ್ಸ್ ಅನ್ನುವ 21 ವರ್ಷದ ವಿದ್ಯಾರ್ಥಿ ಲಿನಕ್ಸ್ ಅನ್ನುವ ತಿರುಳನ್ನು ಬರೆದು ಎಲ್ಲರಿಗೂ ತೆರೆದಿಟ್ಟರು. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಅಂತ ಶುರು ಮಾಡಿದ್ದರು. ಆಮೇಲೆ ಪ್ರಪಂಚದವರೆಲ್ಲ ತಮಗೆ ಗೊತ್ತಿದ್ದಷ್ಟು ಬರೆದು ಸೇರಿಸಿದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬಹುದು, ತಿದ್ದಬಹುದು, ಹಂಚಬಹುದು. ಸಂಬಳ ಕೊಟ್ಟು ಇದನ್ನು ಬರೆಸುವ ಕಂಪನಿಗಳೂ ಇವೆಯಂತೆ. ಅಪ್ಪ, "ಮುಯ್ಯಾಳು ಅಂದ್ರೆ ನಾವೂ ತಿರುಗಿ ಹೋಗ್ಬೇಕಲ್ಲಪ್ಪ, ನಾವೇನ್ ಕೊಡ್ತೀವಿ?" ಅಂದರು. ಅದಕ್ಕೆ ಅಣ್ಣನೂ ಸುಮ್ಮನಾದ.

ಈಗ ಮುಖ್ಯ ವಿಷಯ. ಉಬುಂಟು ಹಾಕಿದಾಗ ಅದರಲ್ಲಿ ಎಲ್ಲವೂ ಬರುವುದಿಲ್ಲ. ಹೊಸ ಮನೆಗೆ ಹೋದ ಹಾಗೆ. ಒಲೆ ಇರುತ್ತೆ, ಸಾರಿನ ಪಾತ್ರೆ ನಾವೇ ತರಬೇಕು. ತರುವುದಕ್ಕೆ ಒಂದು ದೊಡ್ಡ ಕಣಜ ಇದೆ. ಅದು ಇಂಟರ್ನೆಟ್ಟಿನಲ್ಲಿದೆ. ಹತ್ತಾರು ಸಾವಿರ ತಂತ್ರಾಂಶಗಳನ್ನು ಅದರಲ್ಲಿ ತುಂಬಿಟ್ಟಿದ್ದಾರೆ. ಕಂಡ ಕಂಡ ಕಡೆಯಿಂದ ತಂದರೆ ವೈರಸ್ ಬರಬಹುದು. ಕಣಜದಿಂದ ತಂದರೆ ಅದಕ್ಕೆ ಸಹಿ ಇರುತ್ತೆ, ಸೊಸೈಟಿ ಗೊಬ್ಬರದ ಚೀಲಕ್ಕೆ ಸೀಲ್ ಇದ್ದ ಹಾಗೆ. ಸಹಿ ಸರಿಯಿಲ್ಲದಿದ್ದರೆ ಕಂಪ್ಯೂಟರು ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ.

ತರುವುದು ಎರಡು ರೀತಿ. ಒಂದು, ಅಂಗಡಿಯ ಚಿತ್ರವಿರುವ ಗುಂಡಿ ಒತ್ತಿ ಹೆಸರು ಹುಡುಕುವುದು. ಇನ್ನೊಂದು, ಟರ್ಮಿನಲ್ ಅನ್ನುವ ಕಪ್ಪು ಪರದೆಯಲ್ಲಿ ಟೈಪ್ ಮಾಡುವುದು. ನನಗೆ ಎರಡನೆಯದೇ ಇಷ್ಟ, ಏನು ನಡೀತಿದೆ ಅಂತ ಸಾಲು ಸಾಲಾಗಿ ಕಾಣುತ್ತೆ. ಮೊದಲು "ಸುಡೋ ಆಪ್ಟ್ ಅಪ್‌ಡೇಟ್" ಅಂತ ಹೊಡೆಯಬೇಕು. ಆಗ ಕಣಜದಲ್ಲಿ ಏನೇನಿದೆ ಅನ್ನುವ ಹೊಸ ಪಟ್ಟಿ ಬರುತ್ತೆ. ಆಮೇಲೆ "ಸುಡೋ ಆಪ್ಟ್ ಇನ್‌ಸ್ಟಾಲ್" ಅಂತ ಹೊಡೆದು ಬೇಕಾದದ್ದರ ಹೆಸರು ಬರೆಯಬೇಕು. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಮಾಡಬೇಕು. ನಮ್ಮ ಗೋಡೆ ಪತ್ರಿಕೆ ಪೂರ್ತಿ ಕನ್ನಡದಲ್ಲೇ ಇರಬೇಕು ಅಂತ ನಿಯಮವಿರುವುದರಿಂದ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಸುಡೋ ಅಂತ ಓದಿದಾಗ ಎಲ್ಲರೂ ನಕ್ಕರು. ಬಿಸಿಯೂಟದ ಅಕ್ಕ ಗಾಬರಿಯಾಗಿ, "ಅಯ್ಯೋ, ಏನನ್ನ ಸುಡಬೇಕಂತ್ರೋ?" ಅಂದರು. ಅದು ಸುಡುವುದಲ್ಲ. ಯಜಮಾನನ ಅಪ್ಪಣೆ ಮೇಲೆ ಈ ಕೆಲಸ ಮಾಡು ಅಂತ ಕಂಪ್ಯೂಟರಿಗೆ ಹೇಳುವ ಮಾತು. ಅದಕ್ಕೆ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬಾರದು, ಹೊಡೆದು ಎಂಟರ್ ಒತ್ತಿದರೆ ಸಾಕು. ನಮ್ಮ ಪಾಸ್‌ವರ್ಡ್ ಹೆಡ್ ಮೇಷ್ಟ್ರಿಗೆ ಮತ್ತು ಗಣಿತದ ಮೇಷ್ಟ್ರಿಗೆ ಮಾತ್ರ ಗೊತ್ತು. ಅವರು ಬಂದು ಹೊಡೆದು ಹೋಗುತ್ತಾರೆ, ನಾವು ಆ ಕಡೆ ತಿರುಗಿ ನಿಲ್ಲುತ್ತೇವೆ.

ಕಷ್ಟ ಇದ್ದದ್ದು ನೆಟ್‌ವರ್ಕಿನದು. ನಿಮಗೆಲ್ಲ ಗೊತ್ತೇ ಇದೆ, ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಕೆರೆ ಏರಿ ಮೇಲೆ. ಏರಿ ಮೇಲೆ ಕಂಪ್ಯೂಟರ್ ಹೊತ್ತುಕೊಂಡು ಹೋಗೋಕಾಗುತ್ತಾ? ಶಾಲೆಯ ಒಳಗೆ ಐದನೇ ತರಗತಿಯ ಪಡುವಣ ಕಿಟಕಿ ಹತ್ತಿರ ಮಾತ್ರ ಒಂದು ಕಡ್ಡಿ, ಕೆಲವು ಸಲ ಎರಡು ಕಡ್ಡಿ ಬರುತ್ತೆ. ಅದಕ್ಕೇ ಟೇಬಲ್ಲನ್ನು ಅಲ್ಲಿಗೆ ಸರಿಸಿದ್ದು. ಗಣಿತದ ಮೇಷ್ಟ್ರ ಫೋನನ್ನು ಬಟ್ಟೆ ಚೀಲದಲ್ಲಿ ಹಾಕಿ ಕಿಟಕಿಯ ಸರಳಿಗೆ ಕಟ್ಟಿ, ಚಾರ್ಜರಿನ ವಯರಿನಿಂದ ಕಂಪ್ಯೂಟರಿಗೆ ಜೋಡಿಸಿದೆವು. ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಅಂತ ಇರುತ್ತೆ, ಅದನ್ನು ಒತ್ತಿದರೆ ಫೋನಿನ ನೆಟ್ಟು ಕಂಪ್ಯೂಟರಿಗೆ ಹರಿಯುತ್ತದೆ. ಅವರ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ. ಅದರಲ್ಲಿ ಅವರ ಮನೆಯ ಕೆಲಸವೂ ಆಗಬೇಕು. ಆದ್ದರಿಂದ ವಾರಕ್ಕೆ ಒಂದೇ ದಿನ, ಶನಿವಾರ ಶಾಲೆ ಬಿಟ್ಟ ಮೇಲೆ ನಮಗೆ ಕೊಡುತ್ತಾರೆ. ಮಧ್ಯದಲ್ಲಿ ಕರೆಂಟು ಹೋದರೆ? ಒಂದು ಒಳ್ಳೆಯದೇನೆಂದರೆ, ಇಳಿಯುವಾಗ ನಿಂತು ಹೋದರೆ ಆಪ್ಟ್ ಮುಂದಿನ ಸಲ ನಿಂತಲ್ಲಿಂದಲೇ ಶುರು ಮಾಡುತ್ತದೆ. ಮೊದಲಿನಿಂದ ಎಳೆಯುವುದಿಲ್ಲ.

ಒಂದು ತಂತ್ರಾಂಶ ಕೇಳಿದರೆ ಅದು ಒಬ್ಬೊಂಟಿಯಾಗಿ ಬರುವುದಿಲ್ಲ. ತನಗೆ ಬೇಕಾದ ನಾಲ್ಕಾರು ಜನರನ್ನು ಕರೆದುಕೊಂಡೇ ಬರುತ್ತದೆ. ಗಣಿತಕ್ಕೆ ಜಿಯೋಜಿಬ್ರಾ ಕೇಳಿದೆವು. ಅದಕ್ಕೆ ಜಾವಾ ಬೇಕಂತೆ, ಜಾವಾಕ್ಕೆ ಇನ್ನೇನೋ ಬೇಕಂತೆ. ಪಟ್ಟಿ ಪರದೆ ತುಂಬ ಬಂತು. ಕೊನೆಗೆ ಇಷ್ಟು ಎಂಬಿ ಆಗುತ್ತೆ, ಹಾಕಲೇ ಬೇಡವೇ ಅಂತ ಕೇಳುತ್ತದೆ. ಹೂಂ ಅನ್ನುವುದಕ್ಕೆ ವೈ ಒತ್ತಬೇಕು. ಅಷ್ಟು ಎಂಬಿ ನೋಡಿ ಮೇಷ್ಟ್ರು ಎನ್ ಒತ್ತಿಬಿಟ್ಟರು! ಆಮೇಲೆ ಅಣ್ಣ ಉಪಾಯ ಹೇಳಿದ. ಇಳಿಸು, ಆದರೆ ಹಾಕಬೇಡ ಅನ್ನುವ ಆಜ್ಞೆಯೂ ಇದೆ. ಅವನ ಅಂಗಡಿಯಲ್ಲಿ ಇದೇ 24.04 ಇರುವ ಇನ್ನೊಂದು ಕಂಪ್ಯೂಟರ್ ಇದೆ. ಅಲ್ಲಿ ಇಳಿಸಿ, ಆ ಪ್ಯಾಕೇಜುಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿ, ಅಜ್ಜಂಪುರಕ್ಕೆ ಬರುವವರ ಕೈಲಿ ಕೊಟ್ಟು ಕಳಿಸುತ್ತಾನೆ. ಒಂದು ಸಲ ನಮ್ಮ ಪೆನ್ ಡ್ರೈವು ತೆಂಗಿನಕಾಯಿ ಲೋಡಿನ ಜೊತೆ ಬೀರೂರು ದಾಟಿ ಬಂತು. ಡ್ರೈವರ್ ಮಾವ ಅದನ್ನು ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು. ಸುಣ್ಣ ಒರೆಸಿ ಹಾಕಿದೆವು, ಓಡಿತು.

ಹೀಗೆ ಇಷ್ಟು ಹಾಕಿದ್ದೇವೆ. ಸಣ್ಣ ಮಕ್ಕಳಿಗೆ ಜಿಕಾಂಪ್ರಿ ಮತ್ತು ಟಕ್ಸ್ ಪೇಂಟ್. ಟಕ್ಸ್ ಅಂದರೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಹಕ್ಕಿ. ಎರಡನೇ ತರಗತಿಯವರು ಟಕ್ಸ್ ಪೇಂಟಿನಲ್ಲಿ ಅಮೃತಮಹಲ್ ಹೋರಿ ಬರೆದಿದ್ದಾರೆ, ಕೊಂಬು ಮಾತ್ರ ಚೆನ್ನಾಗಿ ಬಂದಿದೆ. ಟೈಪಿಂಗಿಗೆ ಟಕ್ಸ್ ಟೈಪ್. ಸಿನಿಮಾ, ಹಾಡು, ಪಾಠದ ವಿಡಿಯೋಗೆ ವಿಎಲ್‌ಸಿ. ಇದನ್ನು ಶುರು ಮಾಡಿದವರು ಫ್ರಾನ್ಸಿನ ಒಂದು ಕಾಲೇಜಿನ ವಿದ್ಯಾರ್ಥಿಗಳು. ಭೂಗೋಳಕ್ಕೆ ಕೆಜಿಯಾಗ್ರಫಿ, ಅದರಲ್ಲಿ ಭಾರತದ ನಕ್ಷೆ ಇದೆ, ರಾಜ್ಯಗಳನ್ನು ಒತ್ತಿ ಒತ್ತಿ ಕಲಿಯಬಹುದು. ಜಿಯೋಜಿಬ್ರಾವನ್ನು ಆಸ್ಟ್ರಿಯಾದ ಮಾರ್ಕುಸ್ ಹೋಹೆನ್ವಾರ್ಟರ್ 2001ರಲ್ಲಿ ಓದುವಾಗಲೇ ಶುರು ಮಾಡಿದರಂತೆ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಕೋನಗಳೆಲ್ಲ ಬದಲಾಗುತ್ತವೆ, ಆದರೆ ಮೂರೂ ಕೂಡಿದರೆ 180ನೇ. ಹತ್ತು ಸಲ ಎಳೆದು ನೋಡಿದೆ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಕೇರಳ ಸರಕಾರದ ಪಠ್ಯದಲ್ಲೇ ಇದನ್ನು ಕಲಿಯುತ್ತಾರೆ, ಅಲ್ಲಿನ ಶಾಲೆಗಳಲ್ಲಿ ಉಬುಂಟುವಿನಿಂದ ಮಾಡಿದ್ದೇ ಓಡುವುದು ಅಂತ ಮೇಷ್ಟ್ರು ಹೇಳಿದರು. ನಮ್ಮ ರಾಜ್ಯದ ಪ್ರೌಢಶಾಲೆಯ ಶಿಕ್ಷಕರಿಗೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟು ಕಲಿಸಿದ್ದರಂತೆ.

ಕನ್ನಡ ಟೈಪಿಂಗಿಗೆ ಏನೂ ಇಳಿಸಬೇಕಾಗಲಿಲ್ಲ. ಕೀಬೋರ್ಡಿನ ಸೆಟ್ಟಿಂಗಿನಲ್ಲಿ ಕನ್ನಡ ಹುಡುಕಿ ಕಗಪ ಅನ್ನುವುದನ್ನು ಸೇರಿಸಿದರೆ ಆಯಿತು. ಕೆ.ಪಿ. ರಾವ್ ಅವರು ರೂಪಿಸಿದ ಜೋಡಣೆಯಿಂದ ಬಂದದ್ದು ಇದು, ನುಡಿಯಲ್ಲಿ ಇರುವುದೂ ಇದೇ. ಒತ್ತಕ್ಷರಕ್ಕೆ ಮಧ್ಯೆ ಎಫ್ ಒತ್ತಬೇಕು. ಅಮ್ಮ ಅಂತ ಬರೆಯುವುದಕ್ಕೆ ಎ, ಎಮ್, ಎಫ್, ಎಮ್. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕು ಅಂತ ತುಂಬ ಓಡಾಡಿದ್ದರು ಅಂತ ಟೀಚರ್ ಹೇಳಿದರು. ಅವರು 2007ರಲ್ಲಿ ತೀರಿಕೊಂಡರು. ಅಕ್ಷರಗಳಿಗೆ ಗುಬ್ಬಿ ಮತ್ತು ನವಿಲು ಅನ್ನುವ ಎರಡು ಫಾಂಟ್ ಹಾಕಿದೆವು. ನವಿಲು ಕೈಬರಹದ ಹಾಗೆ ಕಾಣುತ್ತದೆ. ಇನ್ನು ಮೇಲೆ ಗೋಡೆ ಪತ್ರಿಕೆಯನ್ನು ನವಿಲಿನಲ್ಲೇ ಬರೆಯೋಣ ಅಂತ ಆರನೇ ತರಗತಿಯವರು ಕುಣಿದರು. ಪ್ರಿಂಟರ್ ಎಲ್ಲಿದೆ? ಅದಕ್ಕೇ ನಾನು ಇದನ್ನು ನೀಲಿ ಪೆನ್ನಿನಲ್ಲಿ ಬರೆಯುತ್ತಾ ಕೂತಿದ್ದೇನೆ.

ಆಡಾಸಿಟಿಯ ವಿಷಯ ಸ್ವಲ್ಪ ಹೆಚ್ಚಿಗೆ ಬರೆಯುತ್ತೇನೆ. ಅದು ಧ್ವನಿಯನ್ನು ಕತ್ತರಿಸಿ ಜೋಡಿಸುವ ತಂತ್ರಾಂಶ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಸೇರಿ 1999ರಲ್ಲಿ ಶುರು ಮಾಡಿದ್ದು. ಪದ್ಯ ರೆಕಾರ್ಡ್ ಮಾಡೋಣ ಅಂತ ಟೀಚರ್ ಹಾಕಿಸಿದರು. ನಾನು ಕೇಳಿಕೊಂಡದ್ದು ಬೇರೆ ಕಾರಣಕ್ಕೆ.

ನಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ಹೋದ ಮಾಘದಲ್ಲಿ ತೀರಿಕೊಂಡರು. ನಿಮ್ಮ ಎಷ್ಟೋ ಜನರ ಮನೆಯ ಮದುವೆಯಲ್ಲಿ ಅವರು ಸೋಬಾನೆ ಹಾಡಿದ್ದಾರೆ. ನಮ್ಮ ಚಿಕ್ಕಪ್ಪನ ಮದುವೆಯಲ್ಲಿ ಹಸೆಗೆ ಕರೆಯುವಾಗ ಹಾಡಿದ್ದನ್ನು ನಮ್ಮ ಸೋದರಮಾವ ಕೀಪ್ಯಾಡ್ ಫೋನಿನಲ್ಲಿ ಹಿಡಿದಿದ್ದರು. ಆಗ ನನಗೆ ಎಂಟು ವರ್ಷ. ಅಜ್ಜಿಯ ದನಿ ಉಳಿದಿರುವುದು ಅದೊಂದರಲ್ಲೇ. ಫೋನು ಮಳೆಗಾಲದಲ್ಲಿ ತೋಟದ ಕಾಲುವೆಗೆ ಬಿದ್ದು ಹಾಳಾಯಿತು, ಮೆಮೊರಿ ಕಾರ್ಡು ಮಾತ್ರ ಉಳಿಯಿತು. ಅಮ್ಮನ ಫೋನಿಗೆ ಹಾಕಿ ಕೇಳಿದರೆ ಹಾಡೇ ಕೇಳುವುದಿಲ್ಲ, ಬರೀ ಜನರೇಟರಿನ ಸದ್ದು. ಅವತ್ತು ಕರೆಂಟ್ ಹೋಗಿ ಪೆಂಡಾಲಿನ ಹಿಂದೆ ಜನರೇಟರ್ ಇಟ್ಟಿದ್ದರು.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆವು. ಮೊದಲು ಅಣ್ಣ ಮಾಡಿಸಿದ್ದು ಫೈಲಿನ ಎರಡು ನಕಲು. ಮೂಲವನ್ನು ಮುಟ್ಟಲೇಬಾರದು ಅಂದ. ಆಡಾಸಿಟಿಯಲ್ಲಿ ತೆರೆದರೆ ತೆರೆಯಲಿಲ್ಲ. ಅದು ಎಎಂಆರ್ ಅನ್ನುವ ಜಾತಿಯ ಫೈಲು. ಅದಕ್ಕೆ ಎಫ್ಎಫ್ಎಂಪೆಗ್ ಅನ್ನುವ ಇನ್ನೊಂದು ಬೇಕಾಯಿತು, ಅದೂ ಕಣಜದಲ್ಲಿತ್ತು. ಅದನ್ನು ಹಾಕಿದ ಮೇಲೆ ಹಾಡು ನೀಲಿ ಗೆರೆಗಳಾಗಿ ಪರದೆಯ ಮೇಲೆ ಹರಡಿಕೊಂಡಿತು. ಸಿಡಿಯಲ್ಲಿ ಒಂದು ಸೆಕೆಂಡಿಗೆ ದನಿಯನ್ನು 44,100 ಸಲ ಅಳೆದಿರುತ್ತಾರೆ. ಹಳೇ ಫೋನಿನ ಈ ಜಾತಿಯಲ್ಲಿ 8,000 ಸಲ ಮಾತ್ರ. ಆದ್ದರಿಂದ ಇರುವುದಕ್ಕಿಂತ ಒಳ್ಳೆಯ ದನಿ ಬರುವುದಿಲ್ಲ, ಸದ್ದು ಕಡಿಮೆ ಮಾಡಬಹುದು ಅಷ್ಟೇ.

ಸದ್ದು ಕಡಿಮೆ ಮಾಡುವುದು ಹೇಗೆಂದರೆ, ಯಾರೂ ಹಾಡದೆ ಜನರೇಟರ್ ಒಂದೇ ಕೇಳುವ ಚೂರನ್ನು ಮೊದಲು ಹುಡುಕಬೇಕು. ಅಜ್ಜಿ ಹಾಡು ಎತ್ತುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಮೊದಲು ಎರಡು ಸೆಕೆಂಡ್ ಅಂಥದ್ದು ಸಿಕ್ಕಿತು. ಅದನ್ನು ಆರಿಸಿ, ಇದೇ ಗಲಾಟೆ ನೋಡಿಕೋ ಅಂತ ಆಡಾಸಿಟಿಗೆ ಗುರುತು ಹಿಡಿಸಬೇಕು. ಆಮೇಲೆ ಇಡೀ ಹಾಡನ್ನು ಆರಿಸಿ, ಈಗ ಗುರುತು ಹಿಡಿದದ್ದನ್ನು ತೆಗಿ ಅನ್ನಬೇಕು. ಜಾಸ್ತಿ ತೆಗೆದರೆ ಕೊಡದೊಳಗೆ ಬಾಯಿ ಇಟ್ಟು ಹಾಡಿದ ಹಾಗೆ ಆಗುತ್ತದೆ. ಕಡಿಮೆ ತೆಗೆದರೆ ಜನರೇಟರ್ ಉಳಿಯುತ್ತದೆ. ಏಳೆಂಟು ಸಲ ಮಾಡಿ ಮಾಡಿ ನೋಡಿ, ಸ್ವಲ್ಪ ಸದ್ದು ಇದ್ದರೂ ಪರವಾಗಿಲ್ಲ ಅಂತ ಒಂದು ಕಡೆ ನಿಲ್ಲಿಸಿದೆವು. ಒಂದೇ ಸಮ ಬರುವ ಸದ್ದು ಮಾತ್ರ ಹೀಗೆ ಹೋಗುತ್ತದೆ. ನಡುವೆ ಪಾತ್ರೆ ಬಿದ್ದ ಸದ್ದು, ನಗು ಹೋಗುವುದಿಲ್ಲ. ಒಂದು ಕಡೆ "ಅಜ್ಜೀ, ನೀರು" ಅಂತ ಒಂದು ಮಗು ಕೂಗುತ್ತದೆ. ಅದು ನಾನೇ. ಆ ಚೂರನ್ನು ಕತ್ತರಿಸಿ ತೆಗೆಯಬಹುದು ಅಂತ ಅಣ್ಣ ಹೇಳಿದ. ಕೇಳೋಕೆ ಬಂದು ಬಾಗಿಲಲ್ಲೇ ನಿಂತಿದ್ದ ಅಪ್ಪ, "ಬ್ಯಾಡ, ಇರ್ಲಿ ಬಿಡಪ್ಪ" ಅಂದರು. ಆಮೇಲೆ ಹೆಗಲ ಮೇಲಿನ ಟವೆಲ್ ತಗೊಂಡು ಹೊರಗೆ ಹೋದರು.

ಹಾಡು ಒಟ್ಟು 2 ನಿಮಿಷ 40 ಸೆಕೆಂಡ್ ಇದೆ. ಈಗ ಅಮ್ಮನ ಫೋನಿನಲ್ಲಿ, ಶಾಲೆಯ ಕಂಪ್ಯೂಟರಿನಲ್ಲಿ, ಕಡೂರಿನಲ್ಲಿ ಅಣ್ಣನ ಹತ್ತಿರ, ಮೂರು ಕಡೆ ಇಟ್ಟಿದ್ದೇವೆ. ಚಿಕ್ಕಮ್ಮ ಸಾಹಿತ್ಯವನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಮೂರು ಸಾಲು ಯಾರಿಗೂ ತಿಳಿಯುತ್ತಿಲ್ಲ. ನಿಮ್ಮ ಮನೆಯ ಹಿರಿಯರು ಯಾರಾದರೂ ಬಂದು ಕೇಳಿದರೆ ಗೊತ್ತಾಗಬಹುದು. ಹಾಗೆಯೇ ಯಾರ ಮನೆಯಲ್ಲಾದರೂ ಹಳೇ ಕಾರ್ಡು ಇದ್ದರೆ ಬಿಸಾಡದೆ ತನ್ನಿ. ಮೇಲಿನ ಕೇರಿಯ ಒಬ್ಬ ಅಜ್ಜ ಈಗಾಗಲೇ ಒಂದು ತಂದು ಕೊಟ್ಟಿದ್ದಾರೆ. ಅದರಲ್ಲಿ ಅವರ ಹಳೇ ಭಜನೆ ತಂಡದ ಹಾಡಿದೆ, ತಾಳದ ಸದ್ದೇ ಜಾಸ್ತಿ. ತಾಳ ಒಂದೇ ಸಮ ಇರುವುದಿಲ್ಲವಲ್ಲ, ಅದನ್ನು ಏನು ಮಾಡುವುದೋ ನೋಡಬೇಕು.

ಸ್ಟೆಲ್ಲೇರಿಯಂ ಅನ್ನುವುದು ಇನ್ನೂ ಪೂರ್ತಿ ಇಳಿದಿಲ್ಲ. ಅದು ಆಕಾಶ ತೋರಿಸುವ ತಂತ್ರಾಂಶ, ತುಂಬ ದೊಡ್ಡದು. ನಾವಿರುವ ಜಾಗ ಹೇಳಿದರೆ ಅವತ್ತಿನ ರಾತ್ರಿ ನಮ್ಮೂರಿನ ಮೇಲೆ ಯಾವ ನಕ್ಷತ್ರ ಎಲ್ಲಿರುತ್ತೆ ಅಂತ ತೋರಿಸುತ್ತದೆ. ಅಣ್ಣನ ಅಂಗಡಿಯಲ್ಲಿ ನೋಡಿದ್ದೇನೆ. ಕಡೂರು ಉತ್ತರ ಅಕ್ಷಾಂಶ ಸುಮಾರು ಹದಿಮೂರೂವರೆ ಡಿಗ್ರಿಯಲ್ಲಿದೆ. ಅದಕ್ಕೇ ಧ್ರುವ ನಕ್ಷತ್ರವೂ ನಮಗೆ ನೆಲದಿಂದ ಸುಮಾರು ಅಷ್ಟೇ ಡಿಗ್ರಿ ಮೇಲೆ ಕಾಣುವುದು. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ಒಂದು ಮುಷ್ಟಿಯ ಮೇಲೆ ಎರಡು ಬೆರಳು. ಏರಿ ಮೇಲೆ ನಿಂತು ಬಡಗಣಕ್ಕೆ ನೋಡಿದೆ, ತೆಂಗಿನ ತೋಟದ ತುದಿಗೆ ತಾಗಿದ ಹಾಗೆ ಸಣ್ಣಗೆ ಇದೆ. ಇದನ್ನೆಲ್ಲ ಶಾಲೆಯಲ್ಲೇ ತೋರಿಸಬೇಕು ಅಂತ ನನ್ನ ಆಸೆ. ನಮ್ಮ ತಂಗಿ ಈಗ ನಾಲ್ಕನೇ ತರಗತಿ. ನಾವು ಏಳನೆಯವರು ಬೇಸಿಗೆ ಕಳೆದರೆ ಅಜ್ಜಂಪುರಕ್ಕೋ ತರೀಕೆರೆಗೋ ಹೈಸ್ಕೂಲಿಗೆ ಹೋಗುತ್ತೇವೆ. ಆಮೇಲೆ ಕಿಟಕಿಗೆ ಫೋನ್ ಕಟ್ಟುವುದು ಅವರ ಕೆಲಸ. ಆದ್ದರಿಂದ ಆರನೇ ತರಗತಿಯವರಲ್ಲಿ ಇಬ್ಬರು ಈಗಲೇ ಬಂದು ಕಲಿತುಕೊಳ್ಳಬೇಕು.

ಎಸ್‌ಡಿಎಂಸಿ ಸಭೆ ಈ ತಿಂಗಳು 27ಕ್ಕೆ ಇದೆ. ಫ್ಯಾನಿನ ಮಾತು ಮತ್ತೆ ಬರುತ್ತದೆ. ಹೆಡ್ ಮೇಷ್ಟ್ರು, ಅವತ್ತು ಕಂಪ್ಯೂಟರ್ ಆನ್ ಮಾಡಿ ಇಡಿ, ಯಾರು ಬೇಕಾದರೂ ಕೂತು ನೋಡಲಿ ಅಂದಿದ್ದಾರೆ. ಅಷ್ಟರೊಳಗೆ ಇನ್ನು ಎರಡು ಶನಿವಾರ ಇವೆ. ಸ್ಟೆಲ್ಲೇರಿಯಂ ಅರ್ಧ ಬಂದಿದೆ, ಇನ್ನರ್ಧ ಬರಬೇಕು.